ಮರಿಮಡುವಿನ ಆರತಿ

“ಮೀನು ಬೆಳೀಲಿಲ್ಲ ಅಂದ್ರ ನಾ ಏನ್ ಮಾಡ್ಲಿ ಮೇಡಂ? ತೊಟ್ಟಿಲಿಗೆ ಹಾಕಿ ತೂಗ್ಲೇನು? ಬೆಣ್ಣಿ ತಿನ್ನಿಸ್ಲೇನು?”

“ಕೂಗಬೇಡಿ. ನೀವು ಕೂಗಿದರೆ ಅವು ಉದ್ದ ಆಗಲ್ಲ.”

“ನಾ ಎಲ್ಲಿ ಕೂಗಾಕ ಹತ್ತೀನಿ? ನನ್ನ ದನೀನ ಹಿಂಗ ಐತಿ!”

“ಹಾಗಾದರೆ ನನ್ನ ದನಿಯನ್ನೂ ಒಂದು ಸಲ ಕೇಳಿ. ಈ ಮಳೆಗಾಲ ಬೋಟು ನಿಲ್ಲಬೇಕು.”

ಮೈಲಾರಪ್ಪ ಮೇಜನ್ನು ಗುದ್ದಿದ. ಮೇಜಿನ ಮೇಲಿದ್ದ ತಟ್ಟೆ ಹಾರಿತು. ತಟ್ಟೆಯಲ್ಲಿದ್ದ ಸತ್ತ ಮೀನೂ ಹಾರಿ ಬಿತ್ತು.

ಅದು ರೋಹು. ವಯಸ್ಸು ಮೂರು ವರ್ಷ, ಉದ್ದ ಗಂಡಸಿನ ಅಂಗೈಯಷ್ಟು. ಮೂರು ವರ್ಷದ ರೋಹು ಮೊಳಕ್ಕಿಂತ ಉದ್ದ ಬೆಳೆದು, ಎರಡು ಕೈ ಹಾಕಿ ಎತ್ತುವಂತಿರಬೇಕು.

ಹೊಸಕಡವು ಹಿನ್ನೀರಿನ ದಂಡೆಯ ಬೆಸ್ತರ ಊರು. ಮೈಲಾರಪ್ಪ ಅಲ್ಲಿನ ಮೀನುಗಾರರ ಸಂಘದ ಅಧ್ಯಕ್ಷ. ಅವನ ಎದುರಿಗೆ ನಿಂತವಳು ಜಯಶೀಲಾ, ಮೀನಿನ ವಿಜ್ಞಾನಿ. ಏಳು ವರ್ಷದ ಹಿಂದೆ ಕರೆಂಟ್ ಬೋಟುಗಳನ್ನು ಈ ನೀರಿಗೆ ತಂದವಳು ಅವಳೇ, ಈಗ ನಿಲ್ಲಿಸಿ ಅನ್ನುತ್ತಿರುವವಳೂ ಅವಳೇ. ಇಬ್ಬರ ನಡುವೆ ಕುರ್ಚಿಯಲ್ಲಿ ಕುಳಿತು ಪರದೆ ನೋಡುತ್ತಿದ್ದವಳು ಹುಲಿಗೆವ್ವ. ಬೋಟುಗಳನ್ನು ಹೊರಡಿಸುವ ಹೆಬ್ಬೆರಳು ಅವಳದು. ಅವಳು ಹೆಬ್ಬೆರಳು ಒತ್ತದಿದ್ದರೆ ಒಂದು ಬೋಟೂ ಕದಲುವುದಿಲ್ಲ.

ಹುಲಿಗೆವ್ವ ಮೈಲಾರಪ್ಪನ ತಮ್ಮನ ಹೆಂಡತಿ. ಮನೆಯಲ್ಲಿ ಭಾವ ಬಂದರೆ ಎದ್ದು ನಿಲ್ಲುತ್ತಾಳೆ, ಸೆರಗು ತಲೆಗೆ ಬರುತ್ತದೆ. ಈ ಕಂಟ್ರೋಲ್ ರೂಮಿನಲ್ಲಿ ಏಳುವುದಿಲ್ಲ. “ಕುರ್ಚಿ ಮ್ಯಾಲ ಕುಂತಾಗ ನೀ ನನ್ನ ತಮ್ಮನ ಹೆಂಡ್ತಿ ಅಲ್ಲ, ಡ್ರೈವರು. ಡ್ರೈವರು ಎದ್ದು ನಿಂತ್ರ ಗಾಡಿ ಹಳ್ಳಕ್ಕ ಬೀಳತೈತಿ” ಎಂದು ಮೊದಲ ದಿನ ಮೈಲಾರಪ್ಪನೇ ಹೇಳಿದ್ದ.

“ನೋಡ್ರಿ ಇಲ್ಲಿ,” ಮೈಲಾರಪ್ಪ ಗೋಡೆಯ ಕಡೆ ಕೈ ಮಾಡಿದ. ಗೋಡೆಯ ಮೇಲೆ ಬೆಳಕಿನ ಹಲಗೆಯೊಂದು ಉರಿಯುತ್ತಿತ್ತು. ‘ನೀರಿನಲ್ಲಿ ಜನ: ೦’. “ಏಳು ವರ್ಷ ಆತು, ಆ ಸೊನ್ನಿ ಅಲುಗಾಡಿಲ್ಲ. ಈ ನೀರಾಗಿಂದ ಒಂದು ಹೆಣ ಎತ್ತಿಲ್ಲ ನಾವು. ಅದಕ್ಕ ಮೊದಲು ವರ್ಷಕ್ಕ ಎಷ್ಟು ಎತ್ತತಿದ್ವಿ, ಕೇಳ್ರಿ ಈಕೀನ. ಈಕಿ ಗಂಡನ್ನ ಎತ್ತಾಕೂ ಆಗ್ಲಿಲ್ಲ ನಮಗ.”

ಹುಲಿಗೆವ್ವ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಅವಳ ಗಂಡ ಕನಕಪ್ಪ ಮುಂಗಾರಿನ ಗಾಳಿಯಲ್ಲಿ ಹರಿಗೋಲು ತೆಗೆದುಕೊಂಡು ಬಲೆ ಬಿಡಲು ಹೋಗಿದ್ದ. ಹರಿಗೋಲು ಸಿಕ್ಕಿತು. ಅವನು ಸಿಗಲಿಲ್ಲ.

ಆ ವರ್ಷವೇ ಮೈಲಾರಪ್ಪ ಜಯಶೀಲಾಳ ಮಾತು ಕೇಳಿ ಬೋಟು ತರಿಸಿದ. ಬೋಟಿನಲ್ಲಿ ಜನ ಇರುವುದಿಲ್ಲ. ಮುಂದೆ ಎರಡು ಉದ್ದ ಕಂಬಗಳು ನೀರಿನಲ್ಲಿ ಇಳಿಬಿದ್ದಿರುತ್ತವೆ. ಕಂಬಕ್ಕೆ ಕರೆಂಟು ಬಂದರೆ ಹತ್ತಿರದ ಮೀನಿನ ಮೈ ತಾನಾಗಿಯೇ ಕಂಬದ ಕಡೆ ತಿರುಗುತ್ತದೆ. ಅದು ಬೇಡವೆಂದರೂ ಸ್ನಾಯುಗಳು ಎಳೆದು ಈಜಿಸುತ್ತವೆ. ಮೀನು ಉದ್ದವಿದ್ದಷ್ಟೂ ತಲೆಯಿಂದ ಬಾಲಕ್ಕೆ ಹರಿಯುವ ಕರೆಂಟು ಹೆಚ್ಚು. ಹಾಗಾಗಿ ದೊಡ್ಡವು ಬಂದು ಬುಟ್ಟಿಗೆ ಬೀಳುತ್ತವೆ, ಮರಿಗಳು ಒಂದು ಕ್ಷಣ ಬೆಚ್ಚಿ ತಮ್ಮ ದಾರಿ ಹಿಡಿಯುತ್ತವೆ. ಬಲೆಗಿಂತ ಇದು ಒಳ್ಳೆಯದು ಎಂದು ಜಯಶೀಲಾ ತೊಟ್ಟಿಯಲ್ಲಿ ಮರಿಗಳನ್ನಿಟ್ಟು ಪರೀಕ್ಷೆ ಮಾಡಿಯೇ ಹೇಳಿದ್ದಳು. ಒಂದು ಸಲ ಕರೆಂಟು ತಗುಲಿದ ಮರಿ ಮಾರನೆಯ ದಿನವೇ ಉಣ್ಣುತ್ತಿತ್ತು, ಉಳಿದವುಗಳಂತೆಯೇ ಬೆಳೆಯುತ್ತಿತ್ತು.

ಊರಿಗೆ ಹೆದರಿಕೆಯಿದ್ದದ್ದು ಮನುಷ್ಯರ ಬಗ್ಗೆ. ನೀರಿನಲ್ಲಿ ಆಳಿದ್ದಾಗ ಬೋಟು ಹೊರಟರೆ ಅವನ ಕಥೆ ಮುಗಿಯಿತು. ಅದಕ್ಕೇ ದಂಡೆಯ ಮೆಟ್ಟಿಲಲ್ಲಿ ಒಂದು ಪೆಟ್ಟಿಗೆ ಇಟ್ಟರು. ನೀರಿಗೆ ಇಳಿಯುವವನು ಅದಕ್ಕೆ ಹೆಬ್ಬೆರಳು ಒತ್ತಬೇಕು, ಬಂದ ಮೇಲೆ ಅದೇ ಹೆಬ್ಬೆರಳನ್ನು ಮತ್ತೆ ಒತ್ತಬೇಕು. ಅಲ್ಲಿಯವರೆಗೆ ಹಲಗೆಯ ಸೊನ್ನೆ ಒಂದಾಗಿರುತ್ತದೆ, ಕಂಬಗಳಿಗೆ ಬೀಗ. ಈ ಬೀಗಕ್ಕೆ ಎರಡನೇ ಕೀಲಿ ಇರಕೂಡದು ಎಂದು ಹಟ ಹಿಡಿದವನು ಮೈಲಾರಪ್ಪ. ಅಧ್ಯಕ್ಷನಿಗೂ ಕೀಲಿಯಿಲ್ಲ, ಬೋಟು ಮಾಡಿದ ಕಂಪನಿಗೂ ಇಲ್ಲ. “ಕೀಲಿ ಇತ್ತಂದ್ರ ಯಾವನರ ಅವಸರದಾಗ ತಿರುವೇ ತಿರುವತಾನ” ಎಂದಿದ್ದ.

ಜಯಶೀಲಾ ಚೀಲದಿಂದ ಒಂದು ಎಕ್ಸ್‌ರೇ ತೆಗೆದು ಕಿಟಕಿಗೆ ಹಿಡಿದಳು. “ಬೆನ್ನೆಲುಬು ನೋಡಿ. ಇಲ್ಲಿ ಎರಡು ಮೂಳೆ ಒಂದಕ್ಕೊಂದು ಕಚ್ಚಿಕೊಂಡಿವೆ. ಹುರುಪೆಯಲ್ಲಿ ಮರದ ಕಾಂಡದ ಹಾಗೆ ಉಂಗುರ ಇರುತ್ತವೆ, ಬೆಳೆದರೆ ಉಂಗುರ ದೂರ ದೂರ ಇರುತ್ತವೆ. ಇದರಲ್ಲಿ ಒಂದರ ಮೇಲೊಂದು ಹತ್ತಿ ಕೂತಿವೆ. ಒಂದೆರಡು ಸಲದ ಏಟಲ್ಲ ಇದು. ಮತ್ತೆ ಮತ್ತೆ ಬಿದ್ದಿದೆ. ಎಲ್ಲಿ ಬಿದ್ದಿದೆ ಅಂತ ನನಗೆ ತಿಳೀತಿಲ್ಲ. ಬೋಟು ಒಂದು ಜಾಗಕ್ಕೆ ತಿಂಗಳಿಗೊಮ್ಮೆ ಹೋಗೋ ಹಾಗೆ ನಾನೇ ದಾರಿ ಹಾಕಿದ್ದೇನೆ.”

“ತಿಳೀದ ಮ್ಯಾಲ ನಿಲ್ಲಸಂತ ಯಾಕ ಹೇಳ್ತೀರಿ?”

“ತಿಳಿಯೋವರೆಗೆ ನಿಲ್ಲಿಸಿ ಅಂತ ಹೇಳ್ತಿದ್ದೇನೆ!”

“ವಾರಕ್ಕೊಮ್ಮೆ ಬರೋ ಮೀನಿನ ಲಾರಿ ಖಾಲಿ ಕಳಸ್ಲೇನು? ಒಂದು ವಾರ ಖಾಲಿ ಹೋದ್ರ ನೀರಿನ ಹಕ್ಕು ಹೋಗತೈತಿ. ಕರಾರು ನೀವೂ ಓದೀರಿ. ಬೋಟು ನಿಂತ್ರ ಹರಿಗೋಲು ಹಾಕಬೇಕು. ಹುಡುಗ್ರಿಗೆ ಈಜೂ ಬರಂಗಿಲ್ಲ. ಈಕಿ ಮಗ ಜಡಿಯಪ್ಪ ಮೊದಲು ಇಳೀತಾನ, ಅವನಿಗೆ ಅವರಪ್ಪನ ಹುಚ್ಚ ಐತಿ. ಹೂಂ ಅನ್ನು ಹುಲಿಗೆವ್ವ, ಕಳಸ್ತೀಯೇನು ಅವನ್ನ?”

ಹುಲಿಗೆವ್ವ ಪರದೆಯ ಮೂಲೆಯಲ್ಲಿದ್ದ ಗಡಿಯಾರ ನೋಡಿದಳು. ಹೊತ್ತು ಮುಳುಗಲು ಬಂದಿತ್ತು. “ಭಾವ, ಆರತಿ ಹೊತ್ತಾತು. ಮಂದಿ ಬಂದೈತಿ.”

“ಏನು ಆರತಿ?” ಎಂದಳು ಜಯಶೀಲಾ. ಏಳು ವರ್ಷದಲ್ಲಿ ಅವಳು ಒಂದು ದಿನವೂ ಸಂಜೆಯವರೆಗೆ ಉಳಿದಿರಲಿಲ್ಲ. ಅವಳ ಜೀಪು ಮಧ್ಯಾಹ್ನವೇ ಹೊರಟುಬಿಡುತ್ತಿತ್ತು.

ಕಿಟಕಿಯ ಕೆಳಗೆ ಮರಿಮಡು. ಹಿನ್ನೀರು ಒಳಗೆ ಚಾಚಿದ ಸಣ್ಣ ಕೊಲ್ಲಿ ಅದು. ಬಲೆಗೆ ಬಿದ್ದ ಮರಿಗಳನ್ನು ತಂದು ಇಲ್ಲೇ ಬಿಡುವುದು ಬೆಸ್ತರ ಹಳೆಯ ಪದ್ಧತಿ. ಇಲ್ಲಿ ಯಾರೂ ಬಲೆ ಬೀಸುವುದಿಲ್ಲ. ಬಲೆಯಿಲ್ಲ ಎಂಬ ಕಾರಣಕ್ಕೇ ಬೋಟುಗಳ ಕಟ್ಟೆಯನ್ನು ಇಲ್ಲೇ ಕಟ್ಟಿದರು. ಬುಟ್ಟಿಗೆ ಬಿದ್ದ ಮರಿಗಳನ್ನು ಬೋಟುಗಳೂ ತಂದು ಇಲ್ಲೇ ಬಿಡುತ್ತವೆ. ಮೈಲಾರಪ್ಪ ಹಾಗೇ ಆಗಬೇಕೆಂದಿದ್ದ, ಜಯಶೀಲಾ ಸಂತೋಷದಿಂದ ಒಪ್ಪಿದ್ದಳು.

ದಂಡೆಯ ಮೇಲೆ ಮೂವತ್ತು ನಲವತ್ತು ಜನ ನಿಂತಿದ್ದರು. ಬಾಸಿಂಗದ ಗುರುತು ಹಣೆಯಿಂದ ಇನ್ನೂ ಮಾಸದ ಒಂದು ಜೋಡಿಯೂ ಇತ್ತು. ಯಾರೋ ಗಂಟೆ ಬಾರಿಸಿದರು. ಹುಲಿಗೆವ್ವ ಹಸಿರು ಗುಂಡಿ ಒತ್ತಿದಳು.

ಮಡುವಿನ ನೀರು ಒಮ್ಮೆಲೇ ಬೆಳ್ಳಗಾಯಿತು. ಸಾವಿರಾರು ಮರಿಗಳು ಒಟ್ಟಿಗೆ ಮೇಲೆ ಚಿಮ್ಮಿ, ಹೊಟ್ಟೆ ಮಿಂಚಿಸಿ, ಒಟ್ಟಿಗೆ ಬಿದ್ದವು. ಬೆಳ್ಳಿಯ ತಟ್ಟೆಯನ್ನು ಯಾರೋ ಒಮ್ಮೆ ಎತ್ತಿ ಇಳಿಸಿದಂತೆ ಕಂಡಿತು. ಹೆಂಗಸರು ಕೈಮುಗಿದರು. “ಗಂಗವ್ವ ಆರತಿ ತಗೊಂಡ್ಳು” ಎಂದು ಒಬ್ಬಳು ಕೂಗಿದಳು. ಮದುಮಗಳು ನೀರಿಗೆ ಅರಿಶಿನ ಹಾಕಿದಳು.

ಜಯಶೀಲಾ ಕೈಯಲ್ಲಿದ್ದ ಎಕ್ಸ್‌ರೇ ಕೆಳಗಿಟ್ಟಳು. “ಇದು ಏನು?”

“ಕಂಬ ತೊಳಿಯೋದ್ರಿ,” ಎಂದಳು ಹುಲಿಗೆವ್ವ. “ದಿನಾ ಸಂಜಿಗೆ ಕಂಬಕ್ಕ ಪಾಚಿ ಹಿಡದಿರತೈತಿ. ಜೋರು ಕರೆಂಟು ಒಂದು ಗಳಿಗಿ ಬಿಟ್ರ ಬಿಟ್ಟು ಹೋಗತೈತಿ. ಬಿಡದಿದ್ರ ಮುಂಜಾನಿ ಬೋಟು ಏಳಂಗಿಲ್ಲ. ಕಂಪನಿಯವ್ರು ಹೇಳಿಕೊಟ್ಟದ್ದು.”

“ದಿನಾ?”

“ಏಳು ವರ್ಷದಿಂದ.”

“ಮರಿಗಳು ಸಂಜೆ ಹೊತ್ತಿಗೇ ಮೇಲೆ ಬಂದು ಉಣ್ಣೋದು,” ಎಂದಳು ಜಯಶೀಲಾ. ಅವಳು ಇಬ್ಬರಿಗೂ ಹೇಳುತ್ತಿರಲಿಲ್ಲ, ತನಗೇ ಹೇಳಿಕೊಳ್ಳುತ್ತಿದ್ದಳು. “ಉಣ್ಣೋ ಹೊತ್ತಿಗೆ ಸರಿಯಾಗಿ ಏಟು. ರಾತ್ರಿಯೆಲ್ಲಾ ಬಾಯಿ ಬಿಡಲ್ಲ. ಮಾರನೇ ದಿನ ಹಸಿವೆ ಹುಟ್ಟೋ ಹೊತ್ತಿಗೆ ಮತ್ತೆ ಏಟು. ನಾನು ಹೋಗಿ ಹೋಗಿ ಮೀನು ಹಿಡಿಯೋ ಕರೆಂಟು ಅಳೆದೆ. ತೊಳೆಯೋ ಕರೆಂಟಿನ ಬಗ್ಗೆ ನಾನು ಕೇಳಲೇ ಇಲ್ಲ.”

“ನಾವೂ ಹೇಳ್ಲಿಲ್ಲ,” ಎಂದಳು ಹುಲಿಗೆವ್ವ. ಗುಂಡಿ ಒತ್ತಿದ ಹೆಬ್ಬೆರಳನ್ನು ಸೆರಗಿನಲ್ಲಿ ಸುತ್ತಿಕೊಂಡಳು.

ಮೈಲಾರಪ್ಪನಿಗೆ ಸಿಟ್ಟು ಇಮ್ಮಡಿಯಾಯಿತು. “ಅಂದ್ರ ಏನ್ರಿ? ಗಂಗವ್ವನ ಆರತಿನ ಏಟು ಅಂತೀರೇನು? ಮರಿ ಖುಷಿಗೆ ಹಾರತಾವು. ನಮ್ಮಜ್ಜನ ಕಾಲದಿಂದ ಈ ಮಡು ಕಾಯ್ದೀವಿ ನಾವು. ಕೊಂದೀವಿ ಅಂತ ಹೇಳಾಕ ಬಂದ್ರೇನು?”

“ಕೊಂದಿಲ್ಲ. ಬೆಳೆಯೋಕೆ ಬಿಟ್ಟಿಲ್ಲ.”

“ತೋರಿಸ್ರಿ! ಬಾಯಿಲೆ ಬ್ಯಾಡ. ಕಣ್ಣಿಗೆ ತೋರಿಸ್ರಿ!”

“ತೋರಿಸ್ತೀನಿ,” ಎಂದಳು ಜಯಶೀಲಾ.

•

ಅಂದು ಮನೆಯಲ್ಲಿ ಹುಲಿಗೆವ್ವ ಮೀನಿನ ಸಾರು ಮಾಡಿದ್ದಳು. ಸಣ್ಣ ಮೀನು, ಬರೀ ಮುಳ್ಳು. ಜಡಿಯಪ್ಪ ಬಾಯಿಂದ ಮುಳ್ಳು ತೆಗೆತೆಗೆದು ತಟ್ಟೆಯ ಅಂಚಿಗೆ ಸಾಲಾಗಿ ಇಡುತ್ತಿದ್ದ. ಕಟ್ಟೆಯಲ್ಲಿ ಬೋಟುಗಳ ಬ್ಯಾಟರಿ ನೋಡಿಕೊಳ್ಳುವ ಕೆಲಸ ಅವನದು. ಮದುವೆಗೆ ಬಂದ ವಯಸ್ಸು. ಈವರೆಗೆ ಮೊಣಕಾಲಿಗಿಂತ ಮೇಲೆ ನೀರಿಗೆ ಇಳಿದವನಲ್ಲ.

“ಯವ್ವಾ, ಇದು ಸಾರೋ, ಸೂಜಿ ಡಬ್ಬಿಯೋ?”

“ತಿನ್ನಾಕ ಬರದಿದ್ರ ಬಿಡು.”

“ದೊಡ್ಡಪ್ಪ ಹೇಳತಿದ್ದ, ನಮ್ಮಪ್ಪ ಒಂದು ಸಲ ಕಾಟ್ಲಾ ತಂದಿದ್ನಂತ, ತಲಿ ಬೇಯಿಸಾಕ ಮನ್ಯಾಗ ಪಾತ್ರಿ ಇರಲಿಲ್ಲಂತ. ಖರೇನೋ ಸುಳ್ಳೋ?”

“ಖರೆ. ನೀರು ಕಾಸೋ ಹಂಡ್ಯಾಗ ಬೇಯಿಸಿದ್ದೆ. ಮರುದಿನ ಜಳಕ ಮಾಡಿದವ್ರೆಲ್ಲ ಮೀನು ನಾರತಿದ್ರು.”

ಜಡಿಯಪ್ಪ ನಕ್ಕ. ಆಮೇಲೆ ಅಟ್ಟದ ಕಡೆ ನೋಡಿದ. ಅಲ್ಲಿ ಕನಕಪ್ಪನ ಬಲೆ ಸುತ್ತಿಟ್ಟಿತ್ತು. “ಬೋಟು ನಿಂತ್ರ ನಾವು ಹೋಗ್ತೀವಿ. ನಾವು ಹುಡುಗ್ರು ಮಾತಾಡಿಕೊಂಡೀವಿ. ಜಾಕೆಟ್ ಹಾಕ್ಕೊಂಡು ಹೋದ್ರ ಏನಾಗತೈತಿ?”

“ಜಾಕೆಟ್ಟಿಗೆ ಗಾಳಿ ಗೊತ್ತಿಲ್ಲ,” ಎಂದಳು ಹುಲಿಗೆವ್ವ. “ಸುಮ್ನ ಉಣ್ಣು.”

ಅವಳಿಗೆ ಊಟ ಸೇರಲಿಲ್ಲ. ಹೊರಗೆ ಪಕ್ಕದ ಮನೆಯ ತಿಪ್ಪವ್ವ ಜಗಲಿಯ ಮೇಲೆ ಕುಳಿತು, ಇವತ್ತಿನ ಆರತಿ ನಿನ್ನೆಗಿಂತ ಜೋರಿತ್ತು ಎಂದು ಯಾರಿಗೋ ಹೇಳುತ್ತಿದ್ದಳು. ಜೋರು ಯಾಕಿತ್ತೆಂದು ಹುಲಿಗೆವ್ವನಿಗೆ ಗೊತ್ತಿತ್ತು. ಜಗಳದ ನಡುವೆ ಬೆರಳು ಗುಂಡಿಯ ಮೇಲೆ ಕೊಂಚ ಹೆಚ್ಚು ಹೊತ್ತು ಉಳಿದಿತ್ತು.

ಲೆಕ್ಕ ಸರಳವಾಗಿತ್ತು. ಬೋಟು ಓಡಿದರೆ ಮರಿ ಬೆಳೆಯುವುದಿಲ್ಲ. ಇನ್ನೆರಡು ಮೂರು ವರ್ಷಕ್ಕೆ ಹಳೆಯ ದೊಡ್ಡ ಮೀನು ತೀರುತ್ತವೆ, ಆಮೇಲೆ ಈ ನೀರಿನಲ್ಲಿ ಅಂಗೈ ಮೀನು ಬಿಟ್ಟರೆ ಬೇರೇನೂ ಇರುವುದಿಲ್ಲ, ಊರೂ ಇರುವುದಿಲ್ಲ. ಬೋಟು ನಿಂತರೆ ಮಗ ನೀರಿಗೆ ಇಳಿಯುತ್ತಾನೆ. ಕಟ್ಟೆಯನ್ನು ಬೇರೆ ಕಡೆಗೆ ಸರಿಸೋಣವೆಂದರೆ ಬೇಸಿಗೆಯಲ್ಲಿ ನೀರು ಇಳಿಯುವವರೆಗೆ ಆಗದು. ಕೈಯಿಂದ ಕಂಬ ತಿಕ್ಕುತ್ತೇವೆಂದು ಜಯಶೀಲಾ ಕಂಪನಿಗೆ ಫೋನು ಮಾಡಿದ್ದಳು. ತೊಳೆಯುವ ಕರೆಂಟು ಬಿಡದೆ ಬೋಟು ಏಳದಂತೆ ಮಾಡಿರುವುದು ತಮ್ಮ ಕ್ರಮ, ಒಂದು ಊರಿಗಾಗಿ ಅದನ್ನು ಬದಲಿಸಲಾಗದು ಎಂದು ಅವರು ಫೋನು ಇಟ್ಟಿದ್ದರು.

•

ಮಿರಗದ ಮಳೆಯ ಹೊತ್ತಿಗೆ ಕಂಟ್ರೋಲ್ ರೂಮಿನ ಮೂಲೆಯಲ್ಲಿ ಎರಡು ಗಾಜಿನ ತೊಟ್ಟಿಗಳು ಬಂದವು. ಒಂದೇ ಹೊಂಡದಿಂದ ತಂದ ಒಂದೇ ಬಿತ್ತನೆಯ ಮರಿಗಳನ್ನು ಎರಡರಲ್ಲೂ ಬಿಟ್ಟರು. ಎರಡಕ್ಕೂ ಒಂದೇ ನೀರು, ಒಂದೇ ಹಿಂಡಿ. ಎಡಗಡೆಯ ತೊಟ್ಟಿಗೆ ಮಾತ್ರ ದಿನಾ ಸಂಜೆ ಕರೆಂಟು. ಫಲಿತಾಂಶ ಕಾಣುವವರೆಗೆ ಬೋಟು ಓಡಲಿ ಎಂದು ಒಪ್ಪಂದವಾಯಿತು.

ಮೊದಲ ವಾರ ಎರಡೂ ಒಂದೇ ರೀತಿ ಇದ್ದವು. ಮೈಲಾರಪ್ಪ ಬಂದು ಗಾಜಿಗೆ ಮೂಗು ಹಚ್ಚಿ ನೋಡಿ, “ಹೆಂಗೈತ್ರಿ ಮೇಡಂ, ನಿಮ್ಮ ಗಂಡಾಂತರ?” ಎಂದು ಕೆಣಕಿ ಹೋದ.

“ಇನ್ನೂ ಸ್ವಲ್ಪ ದಿನ ತಡೀರಿ, ಅಧ್ಯಕ್ಷರೇ.”

“ತಡೀತೀನಿ. ನಿಮ್ಮ ಜೀಪಿನ ಡೀಸೆಲ್ಲು ತೀರೋಮಟ ತಡೀತೀನಿ.”

ಆರಿದ್ರ ಮಳೆಗೆ ಬಲಗಡೆಯವು ಮುಂದೆ ಹೋಗಿದ್ದವು. ಪುನರ್ವಸು ಹೊತ್ತಿಗೆ ಪಕ್ಕದಲ್ಲಿಟ್ಟು ಅಳೆಯುವ ಅಗತ್ಯವೇ ಇರಲಿಲ್ಲ. ಬಲಗಡೆಯವು ಬೆರಳುದ್ದ, ಎಡಗಡೆಯವು ಉಗುರುದ್ದ. ಎಡಗಡೆಯವು ಸಾಯುತ್ತಿರಲಿಲ್ಲ. ಚುರುಕಾಗಿಯೇ ಓಡಾಡುತ್ತಿದ್ದವು. ಸಂಜೆಯಾದರೆ ಮಾತ್ರ ಗುಂಡಿ ಒತ್ತುವ ಮೊದಲೇ ತೊಟ್ಟಿಯ ತಳದ ಮೂಲೆಗೆ ಹೋಗಿ ಒಂದರ ಮೇಲೊಂದು ಬಿದ್ದಿರುತ್ತಿದ್ದವು. ಹುಲಿಗೆವ್ವ ಅದನ್ನು ನೋಡಿದ ದಿನದಿಂದ ಆರತಿಯ ಹೊತ್ತಿಗೆ ಕಿಟಕಿಯ ಕಡೆ ಬೆನ್ನು ಮಾಡಿ ಗುಂಡಿ ಒತ್ತತೊಡಗಿದಳು.

ಮೈಲಾರಪ್ಪ ದಿನಾ ಬರುತ್ತಿದ್ದ. ಕೆಣಕುವುದು ಕಡಿಮೆಯಾಯಿತು. ಒಂದು ಮಧ್ಯಾಹ್ನ ಹುಲಿಗೆವ್ವ ಊಟ ಮುಗಿಸಿ ಬೇಗ ಬಂದಾಗ ಭಾವ ಎಡಗಡೆಯ ತೊಟ್ಟಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತಿದ್ದ. ಅಂಗಿಯ ಜೇಬಿನಿಂದ ಹಿಡಿ ಹಿಡಿ ಶೇಂಗಾ ಹಿಂಡಿ ತೆಗೆದು ನೀರಿಗೆ ಉದುರಿಸುತ್ತಿದ್ದ. “ತಿನ್ರಲೇ,” ಎನ್ನುತ್ತಿದ್ದ ಮರಿಗಳಿಗೆ. “ತಿನ್ರಲೇ ಹಾಳಾಗಿ ಹೋಗವ್ರಾ. ಮಾನ ಉಳಿಸ್ರಲೇ.”

ಅವಳು ಬಾಗಿಲಲ್ಲೇ ನಿಂತಳು. ಹಿಂದಕ್ಕೆ ಸರಿದು, ಚಪ್ಪಲಿ ಸಪ್ಪಳ ಮಾಡುತ್ತಾ ಮತ್ತೆ ಬಂದಳು. ಅಷ್ಟರಲ್ಲಿ ಮೈಲಾರಪ್ಪ ಎದ್ದು ಕಿಟಕಿಯ ಬಳಿ ನಿಂತು ಮಳೆ ನೋಡುತ್ತಿದ್ದ. ಅವನ ಜೇಬಿನ ಅಂಚಿಗೆ ಹಿಂಡಿಯ ಪುಡಿ ಅಂಟಿತ್ತು.

ತಳದಲ್ಲಿ ಹಿಂಡಿ ಕೊಳೆತು ಬೂಸು ಹಿಡಿದದ್ದನ್ನು ಜಯಶೀಲಾ ನೋಡಿದಳು. ನೀರು ಬದಲಿಸಿದಳು.

•

ಆಶ್ಲೇಷ ಮಳೆಗೆ ಸಂಘದ ಸಭೆ ಸೇರಿತು. ಹೊರಗೆ ಗಾಳಿ ಬೀಸುತ್ತಿತ್ತು. ಹಿನ್ನೀರಿನಲ್ಲಿ ನೊರೆ ತೆರೆಗಳು ಎದ್ದಿದ್ದವು. ಜಯಶೀಲಾ ಎರಡೂ ತೊಟ್ಟಿಗಳಿಂದ ಒಂದೊಂದು ಮರಿಯನ್ನು ಗಾಜಿನ ಲೋಟದಲ್ಲಿಟ್ಟು ತಂದಿದ್ದಳು. ಲೋಟಗಳು ಕೈಯಿಂದ ಕೈಗೆ ಹೋದವು. ಜನ ನೋಡಿದರು, ಮುಂದಿನವರಿಗೆ ಕೊಟ್ಟರು.

“ತೊಟ್ಟಿ ಬ್ಯಾರೆ, ಹೊಳಿ ಬ್ಯಾರೆ,” ಎಂದ ಒಬ್ಬ.

“ಆರತಿ ನಿಲ್ಲಿಸಿದ್ರ ಗಂಗವ್ವ ಸುಮ್ನಿರತಾಳೇನು?” ಎಂದಳು ತಿಪ್ಪವ್ವ. “ಏಳು ವರ್ಷ ಒಬ್ಬನೂ ಸತ್ತಿಲ್ಲ. ಯಾರು ಕಾಯ್ದವ್ರು? ಗಾಜಿನ ಲೋಟ ಕಾಯ್ದೈತೇನು?”

ಹುಲಿಗೆವ್ವ ಎದ್ದಳು. ಸಭೆಯಲ್ಲಿ ಅವಳು ಮಾತಾಡಿದವಳಲ್ಲ. ಸೆರಗು ತಲೆಯ ಮೇಲೆಯೇ ಇತ್ತು. “ಇವತ್ತಿಂದ ನಾ ಬೆರಳು ಒತ್ತಂಗಿಲ್ಲ,” ಎಂದಳು. “ಅದು ಆರತಿ ಅಲ್ಲ. ಗುಂಡಿ ಒತ್ತಿದಾಕಿ ನಾನು, ನನಗ ಗೊತ್ತು. ಅವು ಸಂಜಿ ಆದ್ರ ಅಂಜಿ ಮೂಲಿಗೆ ಸೇರತಾವು. ದೇವ್ರಿಗೆ ಅಂಜಿ ಮೂಲಿ ಸೇರೋ ಕೂಸು ಎಲ್ಲಿ ಐತಿ?”

“ನಿನ್ನ ಮಗನ್ನ ಕಳಸ್ತೀ ಹಂಗಾರ ನೀರಿಗೆ?” ಹಿಂದಿನಿಂದ ಯಾರೋ ಕೂಗಿದರು.

ಹುಲಿಗೆವ್ವ ಆ ಕಡೆ ತಿರುಗಲಿಲ್ಲ. “ಅವನು ಹೋಗತಾನ. ನಾ ತಡಿಯಾಕಿ ಅಲ್ಲ,” ಎಂದಳು. ಕುಳಿತಳು.

ಮೈಲಾರಪ್ಪ ಅಧ್ಯಕ್ಷನ ಜಾಗದಲ್ಲಿ ತಲೆ ತಗ್ಗಿಸಿಕೊಂಡಿದ್ದ. ಅವನು ಒಂದು ಮಾತು ಆಡಿದ್ದರೆ ಸಭೆ ತಿರುಗುತ್ತಿತ್ತೋ ಏನೋ. ಆಡಲಿಲ್ಲ. ಕೈಗಳು ಎದ್ದವು. ಬೋಟು ನಿಲ್ಲಿಸಬೇಕೆಂದವರು ಐದಾರು ಜನ, ಉಳಿದವರೆಲ್ಲ ಓಡಲಿ ಎಂದರು. ಕಂಪನಿಗೆ ಫೋನು ಹೋಯಿತು. ಹುಲಿಗೆವ್ವನ ಬದಲಿಗೆ ಹೊಸ ಡ್ರೈವರನ್ನು ಕಳಿಸುತ್ತೇವೆ, ನಾಳೆ ಮುಂಜಾನೆ ಅಲ್ಲಿರುತ್ತಾನೆ, ಅವನ ಹೆಬ್ಬೆರಳು ಹಾಕಿಸಿ ಎಂದರು. ಅವಳ ನಿರಾಕರಣೆಯಿಂದ ಬೋಟು ನಿಲ್ಲುವುದು ಒಂದೇ ರಾತ್ರಿ. ನಾಳೆಯೇ ಲಾರಿಯ ದಿನವೂ ಆಗಿತ್ತು.

ಸಂಜೆ ಹುಲಿಗೆವ್ವ ಕೊನೆಯ ಸಲ ಕುರ್ಚಿಯಲ್ಲಿ ಕುಳಿತಿದ್ದಳು. ಆರತಿಯ ಹೊತ್ತಾಗಿತ್ತು. ಕೆಳಗೆ ಜನ ಕಾದು ನಿಂತಿದ್ದರು, ಗಂಟೆ ಬಾರಿಸುತ್ತಿದ್ದರು. ಅವಳು ಗುಂಡಿ ಮುಟ್ಟಲಿಲ್ಲ. ಮೈಲಾರಪ್ಪ ಬಾಗಿಲು ಒದ್ದಂತೆ ತೆರೆದು ಒಳಗೆ ಬಂದ.

“ಸಭಾದಾಗ ನನ್ನ ಮಾನ ತಗದಿ ನೀ.”

“ನೀವು ಬಾಯಿ ಬಿಟ್ಟಿದ್ರ ನಾ ಯಾಕ ಬಿಡತಿದ್ದೆ ಭಾವ?”

“ಏನಂತ ಬಿಡ್ಲಿ? ಏಳು ವರ್ಷ ನಾ ಕೈಮುಗಿಸೀನಿ ಈ ಮಂದಿ ಕಡಿಂದ. ನನ್ನ ಮಗಳ ಮದುವೀಗೂ ಇಲ್ಲೇ ನಿಂದ್ರಿಸಿ ಕೈಮುಗಿಸೀನಿ. ಈಗ ಹೋಗಿ, ಅದು ಕರೆಂಟ್ ಹೊಡದದ್ದು, ಕೈ ಇಳಿಸ್ರಿ ಅಂತ ಹೇಳ್ಲೇನು?”

“ನಾ ಹೇಳಿದ್ನಲ್ಲ.”

“ನೀ ಹೆಂಗಸು, ನಿನಗ ನಡೀತೈತಿ.”

“ನಡೀಲಿಲ್ಲ, ನೋಡಿದ್ರಲ್ಲ.”

ಮೈಲಾರಪ್ಪ ಎಡಗಡೆಯ ತೊಟ್ಟಿಯ ಮುಂದೆ ಹೋಗಿ ನಿಂತ. ಮರಿಗಳು ಮೂಲೆಯಲ್ಲಿ ಗುಂಪಾಗಿ ಬಿದ್ದಿದ್ದವು. ಅವನು ಗಾಜಿನ ಮೇಲೆ ಬೆರಳಿಂದ ಬಡಿದ. ಅವು ಕದಲಲಿಲ್ಲ.

“ನಾ ಇವುಕ್ಕ ಕದ್ದು ಹಿಂಡಿ ಹಾಕಿದ್ದೆ,” ಎಂದ.

“ಗೊತ್ತು.”

“ಗೊತ್ತಿತ್ತಾ?” ತಿರುಗಿದ. “ಮತ್ತ ಯಾಕ ಹೇಳ್ಲಿಲ್ಲ?”

“ತಿಂದ್ರ ತಿನ್ಲಿ ಅಂತ ನನಗೂ ಆಸಿ ಇತ್ತು.”

ಅವನು ನಗುವಂತೆ ಬಾಯಿ ಮಾಡಿದ. “ಮೋಸ ಮಾಡಿದ್ರೂ ಗೆಲ್ಲಲಿಲ್ಲಲ್ಲ ಇವು. ಒಂದು ಕಾಳು ಮುಟ್ಟಲಿಲ್ಲ ಹಾಳಾದವು. ಮುಂದ ಇಟ್ಟ ಅನ್ನ ಬಿಟ್ಟು ಮೂಲ್ಯಾಗ ಕುಂತವು. ನಮ್ಮ ಕನಕ ಹೋದ ವರ್ಷ ನೀ ಹಿಂಗ ಕುಂತಿದ್ದಿ.” ಅದನ್ನು ಹೇಳಿದ ತಕ್ಷಣ ಹೇಳಬಾರದಿತ್ತು ಎನ್ನುವಂತೆ ಅವನು ಗದರಿದ. “ಆ ಹುಡುಗ ಎಲ್ಲಿ? ನಿನ್ನ ಮಗ?”

“ಅಟ್ಟದಿಂದ ಬಲಿ ಇಳಿಸಾಕ ಹತ್ಯಾನ. ಬೋಟು ಏಳೋದ್ರಾಗ ಬಲಿ ಹಾಕಿ ಲಾರಿ ತುಂಬಿಸಿ ತೋರಿಸ್ತೀವಿ ಅಂತಾನ.”

“ತಲಿ ಕೆಟ್ಟೈತೇನು? ಈ ಗಾಳ್ಯಾಗ? ಬಲಿ ಯಾವ ಕಡಿಂದ ಬಿಡಬೇಕು ಗೊತ್ತೈತೇನು ಅವಕ್ಕ? ಸುಳಿ ಎಲ್ಲೈತಿ ಗೊತ್ತೈತೇನು?”

“ಹೇಳಿಕೊಡೋರು ಯಾರಿದ್ದಾರ?”

ಅವಳು ಚುಚ್ಚಲೆಂದು ಹೇಳಲಿಲ್ಲ. ಆದರೂ ಅವನಿಗೆ ಚುಚ್ಚಿತು. ಅವನು ಗೋಡೆಯ ಹಲಗೆಯನ್ನು ಬಹಳ ಹೊತ್ತು ನೋಡಿದ. ‘ನೀರಿನಲ್ಲಿ ಜನ: ೦’. ಅಂಗಿ ಕಳಚಿ ಕೊಂಡಿಗೆ ತೂಗುಹಾಕಿದ. ಜೇಬಿನಿಂದ ಹಿಂಡಿಯ ಪುಡಿ ನೆಲಕ್ಕೆ ಉದುರಿತು. ಧೋತರವನ್ನು ಮೇಲೆತ್ತಿ ಬಿಗಿದು ಕಟ್ಟಿದ.

“ಭಾವ, ಏನ್ ಮಾಡ್ತೀರಿ?”

“ನಾಳೆ ಬರೋ ಡ್ರೈವರಿಗೆ ಹೇಳು, ನೀರಾಗ ಮನಿಷ್ಯಾ ಅದಾನ ಅಂತ. ಎರಡನೇ ಕೀಲಿ ಇಲ್ಲ ಅಂತ ಹೇಳು. ಯಾರರ ಬೇಕಂತ ಕೇಳಿದ್ರ, ಬ್ಯಾಡಂದವ ಮೈಲಾರಪ್ಪ, ಹೋಗಿ ಅವನ್ನ ಕೇಳ್ರಿ ಅನ್ನು.”

“ಗಾಳಿ ನೋಡ್ರಿ!”

“ನೋಡೀನಿ. ನೀ ಹುಟ್ಟೋಕಿಂತ ಮೊದಲಿಂದ ನೋಡೀನಿ.” ಬಾಗಿಲ ಬಳಿ ನಿಂತ. “ಜಡ್ಯಾಗ ಹೇಳು. ಬಲಿ ಗಾಳಿ ಬೆನ್ನಿಗಿಟ್ಟು ಬಿಡಬೇಕು, ಗಾಳಿಗೆ ಎದುರಾಗಿ ಎಳೀಬೇಕು. ಮುಂಜಾನಿ ಬಂದು ನನ್ನ ಬಲಿ ನೋಡಿ ಕಲೀ ಅನ್ನು. ಜಾಕೆಟ್ ಹಾಕ್ಕೋ ಅನ್ನು ಮೂಳನಿಗೆ.”

“ನೀವೂ ಹಾಕ್ಕೊಳ್ರಿ.”

“ನನ್ನ ಅಳತಿದು ಇಲ್ಲ,” ಎಂದು ಹೊಟ್ಟೆ ಬಡಿದು ತೋರಿಸಿದ.

ಏಳು ವರ್ಷದಲ್ಲಿ ಮೊದಲ ಸಲ ಹುಲಿಗೆವ್ವ ಆ ಕೋಣೆಯಲ್ಲಿ ಅವನ ಎದುರು ಕುರ್ಚಿಯಿಂದ ಎದ್ದು ನಿಂತಳು. ಸೆರಗು ತಲೆಗೆ ಬಂತು. ಅವನು ಅದನ್ನು ನೋಡಿದ, ಕೂರು ಎಂದು ಕೈಮಾಡಿದ, ಹೊರಗೆ ಹೋದ.

ಕಿಟಕಿಯಿಂದ ಅವಳಿಗೆ ಕಂಡಿತು. ಅವನು ಗಂಟೆ ಬಾರಿಸುವವರ ನಡುವೆ ಯಾರನ್ನೂ ಮಾತಾಡಿಸದೆ ನಡೆದುಹೋದ. ಜನ ದಾರಿ ಬಿಟ್ಟರು. ಮೆಟ್ಟಿಲಿನ ಪೆಟ್ಟಿಗೆಗೆ ಹೆಬ್ಬೆರಳು ಒತ್ತಿದ. ಅವಳ ಬೆನ್ನ ಹಿಂದೆ ಹಲಗೆ ಕಿರ್ರೆಂದಿತು. ತಿರುಗಿ ನೋಡಿದಳು.

‘ನೀರಿನಲ್ಲಿ ಜನ: ೧’.

ಅವನ ಹಳೆಯ ಹರಿಗೋಲು ಮಡುವನ್ನು ದಾಟಿ, ಬಲೆಯ ಗುಡ್ಡೆಯನ್ನು ಹೊತ್ತು, ನೊರೆಯ ಒಳಗೆ ಹೋಯಿತು. ಮಡುವಿನಲ್ಲಿ ಆ ಸಂಜೆ ಏನೂ ಹಾರಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ನೀರಿನ ಮೇಲೆ ಸಣ್ಣ ಸಣ್ಣ ಉಂಗುರಗಳು ಎದ್ದವು. ಮರಿಗಳು ಮೇಲೆ ಬಂದು ಉಣ್ಣುತ್ತಿದ್ದವು.

ಮುಂಜಾನೆ ಹೊಸ ಡ್ರೈವರು ಬಂದ. ಹಲಗೆ ನೋಡಿದ, ಕಂಪನಿಗೆ ಫೋನು ಮಾಡಿದ, ಮಧ್ಯಾಹ್ನದವರೆಗೆ ಕಾದ. ಗಾಳಿ ನಿಂತ ಮೇಲೆ ಜಡಿಯಪ್ಪ ಮತ್ತು ಅವನ ಜೊತೆಯವರು ಜಾಕೆಟ್ ಹಾಕಿಕೊಂಡು, ಹೆಬ್ಬೆರಳು ಒತ್ತಿ ಹೋದರು. ಮೈಲಾರಪ್ಪನ ಬಲೆ ಹೇಳಿದ ಹಾಗೆಯೇ ಗಾಳಿಗೆ ಬೆನ್ನಾಗಿ ಬಿಟ್ಟಿತ್ತು, ಬೆಂಡುಗಳು ಸಾಲಾಗಿ ತೇಲುತ್ತಿದ್ದವು. ಬಲೆಯ ತುಂಬ ನಡುನೀರಿನ ಹಳೆಯ ದೊಡ್ಡ ಮೀನು. ಲಾರಿ ಖಾಲಿ ಹೋಗಲಿಲ್ಲ. ಹರಿಗೋಲು ಸಿಗಲಿಲ್ಲ, ಅವನೂ ಸಿಗಲಿಲ್ಲ.

ಹೆಣ ಸಿಗದೆ ಸತ್ತನೆಂದು ಬರೆದುಕೊಡಲು ಆಗದು ಎಂದು ತಾಲೂಕು ಕಚೇರಿ ಹೇಳಿತು. ಬೆರಳು ಒತ್ತದೆ ಬೀಗ ತೆಗೆಯಲು ಆಗದು ಎಂದು ಕಂಪನಿ ಹೇಳಿತು. ಬೋಟುಗಳು ಕಟ್ಟೆಯಲ್ಲೇ ನಿಂತವು, ಕಂಬಗಳಿಗೆ ಪಾಚಿ ಹಿಡಿಯಿತು. ಚಳಿಗಾಲದ ಹೊತ್ತಿಗೆ ಮರಿಮಡುವಿನಲ್ಲಿ ಜಯಶೀಲಾ ಎತ್ತಿದ ಮರಿ ಅವಳ ಅಂಗೈ ದಾಟಿ ಮಣಿಕಟ್ಟಿನವರೆಗೆ ಬಂತು.

ಈಗ ಹುಲಿಗೆವ್ವ ಕುರ್ಚಿಯಲ್ಲಿ ಕುಳಿತು ಹಲಗೆ ನೋಡುತ್ತಾಳೆ. ನಸುಕಿನಲ್ಲಿ ಗಂಡಸರು ಒಬ್ಬೊಬ್ಬರಾಗಿ ಹೆಬ್ಬೆರಳು ಒತ್ತುತ್ತಾರೆ, ಸಂಖ್ಯೆ ಏರುತ್ತದೆ. ಸಂಜೆ ಒಬ್ಬೊಬ್ಬರಾಗಿ ಬರುತ್ತಾರೆ, ಇಳಿಯುತ್ತದೆ. ಮೂರು ಆದಾಗ ಅವಳು ಕಿಟಕಿಗೆ ಹೋಗುತ್ತಾಳೆ. ಎರಡು ಆದಾಗ ಉಸಿರು ಹಿಡಿಯುತ್ತಾಳೆ. ಜಡಿಯಪ್ಪ ಯಾವಾಗಲೂ ಕೊನೆಗೆ ಬರುವವನು. ಅವನು ಮೆಟ್ಟಿಲೇರಿ, ಒದ್ದೆ ಕೈ ಒರೆಸಿಕೊಂಡು, ಬೆರಳು ಒತ್ತುತ್ತಾನೆ.

ಹಲಗೆ ಒಂದಕ್ಕೆ ಬಂದು ನಿಲ್ಲುತ್ತದೆ. ಅಲ್ಲಿಂದ ಕೆಳಗೆ ಇಳಿಯುವುದಿಲ್ಲ.